ಹೆಸರು ಹಚ್ಚಿದವರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಮಗುವನ್ನು ಒಂದನೇ ತರಗತಿಗೆ ಸೇರಿಸುವುದಕ್ಕೆ ‘ಸಾಲಿಗೆ ಹೆಸರು ಹಚ್ಚುವುದು’ ಎನ್ನುತ್ತಾರೆ. ಯಾವ ಸಾಲಿ ಎಂದು ಕೇಳಿದರೆ ಬರುವ ಉತ್ತರಗಳು ಸಾಮಾನ್ಯವಾಗಿ ಮೂರು: ಕನ್ನಡ ಸಾಲಿ, ಮರಾಠಿ ಸಾಲಿ, ಕಾನ್ವೆಂಟ್. ಮೊದಲೆರಡು ಭಾಷೆಯ ಹೆಸರುಗಳು. ಮೂರನೆಯದು ಭಾಷೆಯೂ ಅಲ್ಲ, ಊರೂ ಅಲ್ಲ. ಸನ್ಯಾಸಿನಿಯರು ಇರುವ ಮನೆಯ ಹೆಸರು. ಆ ಫಲಕ ಹೊತ್ತ ಎಷ್ಟೋ ಕಟ್ಟಡಗಳಲ್ಲಿ ಹುಡುಕಿದರೂ ಒಬ್ಬ ಸಿಸ್ಟರ್ ಸಿಗುವುದಿಲ್ಲ. ಶಾಲೆ ನಡೆಸುವವರು ಸಕ್ಕರೆ ಕಾರ್ಖಾನೆಯ ನಿರ್ದೇಶಕರೋ ನಿವೃತ್ತ ಮಾಸ್ತರರೋ ಆಗಿರುತ್ತಾರೆ. ಇದನ್ನು ಕಂಡು ನಗುವವರಿದ್ದಾರೆ. ಆದರೆ ಕನ್ನಡಕ್ಕೆ ಇದು ಹೊಸ ಆಟವೇನಲ್ಲ. ಸರ್ಕಾರಿ ಶಾಲೆಗಳು ಬರುವ ಮುಂಚೆ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದ ಜಾಗವನ್ನು ನಮ್ಮವರು ಕೂಲಿಮಠ, ಐಗಳ ಮಠ ಎಂದೇ ಕರೆದರು. ಸನ್ಯಾಸಿಗಳ ಮನೆಯ ಹೆಸರು ಶಾಲೆಗೆ ಅಂಟಿಕೊಳ್ಳುವುದು ನಮ್ಮಲ್ಲಿ ಒಮ್ಮೆ ಆಗಿಹೋಗಿತ್ತು. ಕಾನ್ವೆಂಟ್ ಎಂಬ ಪದದ ಮೂಲಕ ಅದು ಇನ್ನೊಮ್ಮೆ ಆಯಿತು, ಅಷ್ಟೇ. ಪದವನ್ನು ಊರು ತನ್ನದಾಗಿಸಿಕೊಂಡಿತು ಎನ್ನುವುದಾದರೆ ಶಾಲೆಯನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಯೂ ಏಳುತ್ತದೆ.

ಮಿಶನ್ ಶಾಲೆಗಳ ಚರಿತ್ರೆಯನ್ನು ಬರೆಯುವ ಕ್ರಮವೊಂದು ನಮ್ಮಲ್ಲಿ ರೂಢಿಯಾಗಿದೆ. ದೂರದೇಶದಿಂದ ಒಬ್ಬ ಫಾದರ್ ಅಥವಾ ಇಬ್ಬರು ಮೂವರು ಸಿಸ್ಟರ್‌ಗಳು ಬರುತ್ತಾರೆ. ಬಾಡಿಗೆ ಮನೆ, ಬೆರಳೆಣಿಕೆಯ ಮಕ್ಕಳು, ಜ್ವರ, ಮಳೆ, ತ್ಯಾಗ. ಕೊನೆಗೆ ಕಲ್ಲಿನ ಕಟ್ಟಡ. ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗಳಲ್ಲಿ ಈ ಕ್ರಮ ತಪ್ಪುವುದಿಲ್ಲ. ಅದರಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಮಾತ್ರ ಇದೆ. ಮೊದಲ ವರ್ಷದ ಶಾಲೆಯಲ್ಲಿ ಕಲಿಸುವವರಷ್ಟೇ ಅಲ್ಲ, ಪರಿಚಯವಿಲ್ಲದವರ ಕೈಗೆ ಮಗುವನ್ನು ಒಪ್ಪಿಸುವವರೂ ಇರುತ್ತಾರೆ. ಅವರಲ್ಲಿ ಆ ಧೈರ್ಯ ಎಲ್ಲಿಂದ ಬಂತು, ಅದನ್ನು ಅವರಲ್ಲಿ ಹುಟ್ಟಿಸಿದವರು ಯಾರು ಎಂಬ ಪ್ರಶ್ನೆಯನ್ನು ಸ್ಮರಣ ಸಂಚಿಕೆ ಕೇಳುವುದಿಲ್ಲ. ಹೊಸ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯೊಂದರ ಮೊದಲ ವರ್ಷ ಸ್ಥಾಪಕರ ಚರಿತ್ರೆಗಿಂತ ಹೆಚ್ಚಾಗಿ ಹೆಸರು ಹಚ್ಚಿದವರ ಚರಿತ್ರೆ ಎಂಬುದು ನನ್ನ ವಾದ. ಇದಕ್ಕೆ ಬೇಕಾದ ಸಾಕ್ಷ್ಯ ಕರ್ನಾಟಕದ ಎಷ್ಟೋ ಕಾನ್ವೆಂಟ್‌ಗಳಿಗೆ ಅಕ್ಕನಂತಿರುವ ಒಂದು ಶಾಲೆಯಲ್ಲೇ ಇದೆ: 1870ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಸೇಂಟ್ ಆನ್ಸ್.

ಅದರ ಕತೆ ಮಂಗಳೂರಿನಲ್ಲಿ ಶುರುವಾಗುವುದಿಲ್ಲ. ಸೋಫಿ ಲೀವ್ಸ್ 1823ರಲ್ಲಿ ಕಾನ್ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದರು. ತಂದೆ ಆಂಗ್ಲಿಕನ್ ಪಾದ್ರಿ. ಬೈಬಲನ್ನು ಆಧುನಿಕ ಗ್ರೀಕ್ ಭಾಷೆಗೆ ತರುವ ಕೆಲಸದಲ್ಲಿ ತೊಡಗಿದ್ದವರು. ಮಗಳು 1850ರಲ್ಲಿ ಕ್ಯಾಥೊಲಿಕ್ ಆದರು, ಸಂತ ಜೋಸೆಫರ ಹೆಸರಿನ ಫ್ರೆಂಚ್ ಸನ್ಯಾಸಿನಿ ಸಭೆಯೊಂದನ್ನು ಸೇರಿದರು, 1860ರ ದಶಕದ ಆರಂಭದಲ್ಲಿ ಕಲ್ಲಿಕೋಟೆಗೆ ಬಂದು ಹೆಣ್ಣುಮಕ್ಕಳ ಶಾಲೆಯ ಕೆಲಸಕ್ಕೆ ನಿಂತರು. ಆಗ ಕಲ್ಲಿಕೋಟೆ ಮಂಗಳೂರಿನ ಧರ್ಮಪ್ರಾಂತಕ್ಕೇ ಸೇರಿತ್ತು. ಮರಿ ಎಫ್ರೇಮ್ ಎಂಬ ಫ್ರೆಂಚ್ ಕಾರ್ಮೆಲ್ ಪಾದ್ರಿಗೆ ಈ ಕರಾವಳಿಗಾಗಿಯೇ ಕಲಿಸುವ ಕಾರ್ಮೆಲ್ ಸನ್ಯಾಸಿನಿಯರ ಸಭೆಯೊಂದು ಬೇಕು ಎಂಬ ಹಂಬಲವಿತ್ತು. ಕಾರ್ಮೆಲ್ ಸನ್ಯಾಸಿನಿ ಎಂದರೆ ಅಲ್ಲಿಯವರೆಗೆ ಗೋಡೆಯ ಹಿಂದೆ ಮೌನದಲ್ಲಿ ಬದುಕುವವಳು. ಅವಳು ಕರಿಹಲಗೆಯ ಮುಂದೆ ನಿಂತು ಕಲಿಸುವುದೆಂದರೆ ಎರಡು ಬಗೆಯ ಬದುಕನ್ನು ಒಂದೇ ಮೈಮೇಲೆ ಹೊತ್ತಂತೆ. ಸೋಫಿ ಈ ಹೊರೆಯನ್ನು ಒಪ್ಪಿಕೊಂಡರು. ಮದರ್ ವೆರೋನಿಕಾ ಎಂಬ ಹೆಸರಿನಲ್ಲಿ ಅವರು 1868ರ ಜುಲೈ 16ರಂದು ಫ್ರಾನ್ಸಿನ ಬಯೋನ್‌ನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯನ್ನು ತೆರೆದರು. ಎರಡೇ ವರ್ಷದಲ್ಲಿ ಮರಿ ಎಫ್ರೇಮ್ ಮಂಗಳೂರಿನ ಬಿಷಪ್ ಆದರು, ಆದೊಡನೆ ಸಿಸ್ಟರ್‌ಗಳನ್ನು ಕಳುಹಿಸಿ ಎಂದು ಕೇಳಿದರು. ಕೇಳಿದ್ದು ಎರಡು ಬಗೆಯವರನ್ನು: ಕಲಿಸಲು ಬಯೋನ್‌ನಿಂದ ಮೂವರು, ಏಕಾಂತ ಪ್ರಾರ್ಥನೆಗಾಗಿ ಪೋ ನಗರದ ಮಠದಿಂದ ಒಂದು ಸಣ್ಣ ಗುಂಪು.

1870ರ ಆಗಸ್ಟ್‌ನಲ್ಲಿ ಅವರು ಹೊರಟಾಗ ಫ್ರಾನ್ಸ್ ಪ್ರಷ್ಯಾದೊಡನೆ ಯುದ್ಧದಲ್ಲಿತ್ತು. ಸೂಯೆಜ್ ಕಾಲುವೆ ತೆರೆದು ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಹಳೆಯ ದಾರಿಗೆ ಹೋಲಿಸಿದರೆ ಪ್ರಯಾಣ ಚಿಕ್ಕದಾಗಿತ್ತು, ಆದರೆ ಕೆಂಪು ಸಮುದ್ರದ ಬೇಸಿಗೆ ಚಿಕ್ಕದಾಗಿರಲಿಲ್ಲ. ಏಕಾಂತ ಮಠಕ್ಕೆಂದು ಹೊರಟವರಲ್ಲಿ ಮೂವರು ಮಂಗಳೂರನ್ನು ನೋಡುವ ಮುಂಚೆಯೇ ತೀರಿಕೊಂಡರು. ಕೊನೆಯವರಾದ ಮದರ್ ಎಲಿಯಾಸ್ ಸತ್ತದ್ದು ಕಲ್ಲಿಕೋಟೆಯಲ್ಲಿ, ಇನ್ನೇನು ತಲುಪಿದೆವು ಎನ್ನುವಾಗ. ಉಳಿದವರು ನವೆಂಬರ್ 19ರಂದು ಮಂಗಳೂರಿನಲ್ಲಿ ಇಳಿದರು. ಕಲಿಸುವ ಮೂವರ ಮುಖ್ಯಸ್ಥೆ ಮದರ್ ಮರಿ ದೆಸಾಂಜ್. ಪ್ರಾರ್ಥನೆಯ ಗುಂಪಿನಲ್ಲಿ ಬದುಕುಳಿದವರಲ್ಲಿ ಒಬ್ಬಳು ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯ ಮರಿಯಂ ಬವಾರ್ದಿ. ಓದುಬರಹ ಹೆಚ್ಚು ಬಾರದ ಈ ಹುಡುಗಿ ಮರುವರ್ಷ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ತೊಟ್ಟಳು; ಅವಳ ದರ್ಶನ, ಭಾವಸಮಾಧಿಗಳನ್ನು ಮೊದಲು ನಂಬಿದ ಬಿಷಪ್ ಆಮೇಲೆ ಅನುಮಾನಪಟ್ಟರು; 1872ರಲ್ಲಿ ಅವಳನ್ನು ಫ್ರಾನ್ಸಿಗೆ ಹಿಂದೆ ಕಳುಹಿಸಲಾಯಿತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಘೋಷಿಸಿದರು. ಹೀಗೆ ಆ ಮೊದಲ ವರ್ಷದ ಹೆಣ್ಣುಮಕ್ಕಳಲ್ಲಿ ಜಗತ್ತಿಗೆ ಹೆಸರು ಗೊತ್ತಿರುವುದು ಪಾಠ ಮಾಡಿದವರದಲ್ಲ, ಪಾಠ ಕಲಿಯದವಳದು. ಕಾಗುಣಿತ ಕಲಿಸಿದವರ ಕೆಲಸಕ್ಕೆ ಭಾವಸಮಾಧಿಯ ಮೆರುಗಿಲ್ಲ. ಚರಿತ್ರೆಕಾರರ ಕಣ್ಣೂ ಅತ್ತ ಹೋಗುವುದು ಕಡಿಮೆ.

ಇಷ್ಟನ್ನೇ ಓದಿದರೆ ಸ್ಮರಣ ಸಂಚಿಕೆಯೇ ಗೆದ್ದಂತೆ. ಸಾವು, ಸಮುದ್ರ, ಸಂತಳು, ಇದಕ್ಕಿಂತ ಬೇರೆ ಆರಂಭ ಬೇಕೇ? ಆದರೆ ಅವರು ಇಳಿದ ದಡ ಬರಿದಾಗಿರಲಿಲ್ಲ. ಮಂಗಳೂರಿನ ಕ್ಯಾಥೊಲಿಕರು 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆಯಿಂದ ಹಿಂದಿರುಗಿ, ಜಮೀನು ಮತ್ತು ಚರ್ಚುಗಳನ್ನು ಒಂದೊಂದಾಗಿ ಮತ್ತೆ ಎಬ್ಬಿಸಿ ನಿಲ್ಲಿಸಿದ್ದ ಜನ. ಎಲ್ಲವನ್ನೂ ಕಳೆದುಕೊಂಡು ಮತ್ತೆ ಕಟ್ಟಿದವರಿಗೆ ಹೊತ್ತೊಯ್ಯಲಾಗದ ಆಸ್ತಿ ಯಾವುದು, ಹೊತ್ತೊಯ್ಯಬಹುದಾದ ಆಸ್ತಿ ಯಾವುದು ಎಂಬುದು ಚೆನ್ನಾಗಿ ತಿಳಿದಿರುತ್ತದೆ. ಅವರ ಕಣ್ಣೆದುರಿಗೇ 1834ರಲ್ಲಿ ಬಾಸೆಲ್ ಮಿಶನ್ ಬಂದಿತ್ತು. 1841ರಲ್ಲಿ ಅದರ ಮುದ್ರಣಾಲಯ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’, 1865ರಲ್ಲಿ ಹೆಂಚಿನ ಕಾರ್ಖಾನೆ, ಜೊತೆಗೆ ಹುಡುಗರಿಗೂ ಹುಡುಗಿಯರಿಗೂ ಶಾಲೆಗಳು. ಹೆಂಚಿನ ವಿಷಯದಲ್ಲಿ ಕ್ಯಾಥೊಲಿಕರು ಸುಮ್ಮನೆ ಕೂರಲಿಲ್ಲ. ಮೂರೇ ವರ್ಷದಲ್ಲಿ, 1868ರಲ್ಲಿ, ಆಲ್ಬುಕರ್ಕ್ ಕುಟುಂಬದ ಕಾರ್ಖಾನೆಯೂ ಎದ್ದಿತು. ಅದೇ ಸುಮಾರಿಗೆ ಊರಿಗೆ ಸರ್ಕಾರದ ಪ್ರಾಂತೀಯ ಶಾಲೆಯೂ ಬಂತು. ಶಿಕ್ಷಣ ನೀತಿಯ ಕುರಿತ 1854ರ ವುಡ್ ನಿರೂಪದ ನಂತರ ಖಾಸಗಿ ಶಾಲೆಗಳಿಗೆ ಸರ್ಕಾರಿ ಅನುದಾನ ಸಿಗುತ್ತಿತ್ತು. ಮದ್ರಾಸ್ ಪ್ರಾಂತದ ಕಚೇರಿಗಳಲ್ಲಿ ಗುಮಾಸ್ತರಿಗೆ, ಕಾಫಿ ವಹಿವಾಟಿನಲ್ಲಿ ಲೆಕ್ಕ ಬರೆಯುವವರಿಗೆ ಬೇಡಿಕೆ ಇತ್ತು. ಮಗ ಇಂಗ್ಲಿಷ್ ಬಲ್ಲವನಾದ ಮನೆಗೆ ಅಕ್ಷರ ಬಲ್ಲ ಸೊಸೆ ಬೇಕು ಎಂಬ ಲೆಕ್ಕವೂ ಹಿಂದೆಯೇ ಬರುವಂಥದು. ಮಗಳನ್ನು ಓದಿಸಬೇಕು, ಆದರೆ ಬಾಸೆಲ್ ಮಿಶನ್ನಿನ ಪ್ರಾಟೆಸ್ಟಂಟರ ಕೈಗೆ ಒಪ್ಪಿಸಬಾರದು: ಈ ಎರಡು ಒತ್ತಡಗಳ ನಡುವಿನ ಜಾಗವೇ ಮೂವರು ಫ್ರೆಂಚ್ ಸಿಸ್ಟರ್‌ಗಳಿಗೆ ಸಿಕ್ಕ ಮೊದಲ ತರಗತಿ ಕೋಣೆ.

ಸ್ಥಾಪಕರಿಂದಲೇ ಶಾಲೆ ನಿಂತಿತು ಎಂಬುದನ್ನು ಪರೀಕ್ಷಿಸಲು ಚರಿತ್ರೆ ನಮಗೆ ಒಂದು ಅಪರೂಪದ ಅವಕಾಶ ಕೊಟ್ಟಿದೆ. 1873ರಲ್ಲಿ ಬಿಷಪ್ ಮರಿ ಎಫ್ರೇಮ್ ತೀರಿಕೊಂಡರು. ಅದೇ ವರ್ಷ ಬಯೋನ್‌ನ ಮೂಲಮನೆ ಮುಚ್ಚಿತು. ಮದರ್ ವೆರೋನಿಕಾ ಪೋ ನಗರದ ಏಕಾಂತ ಮಠಕ್ಕೆ ಹಿಂದಿರುಗಿದರು. ಬಿತ್ತಿದವರು ಇಬ್ಬರೂ ಹೋದರು. ಒಬ್ಬರು ಲೋಕ ಬಿಟ್ಟು, ಇನ್ನೊಬ್ಬರು ಗೋಡೆಯ ಹಿಂದೆ. ಹೊಸ ಸಿಸ್ಟರ್‌ಗಳನ್ನು ತಯಾರು ಮಾಡಿ ಕಳುಹಿಸಲು ಯೂರೋಪಿನಲ್ಲಿ ಮನೆಯೇ ಉಳಿಯಲಿಲ್ಲ. ಶಾಲೆ ಸ್ಥಾಪಕರ ಉಸಿರಿನಿಂದಲೇ ಬದುಕಿದ್ದರೆ ಮೂರು ವರ್ಷದ ಆ ಕೂಸು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸಭೆಯ ಬೇರು ಅಲ್ಲಿಂದ ಕಿತ್ತು ಮಂಗಳೂರಿನ ಮಣ್ಣಿಗೇ ಇಳಿಯಿತು. ಮಂಗಳೂರು ಸೇಂಟ್ ಆನ್ಸೇ ಅದರ ತವರುಮನೆಯಾಯಿತು, ಊರಿನ ಹೆಣ್ಣುಮಕ್ಕಳೇ ಸಿಸ್ಟರ್‌ಗಳಾದರು, ಕಲಿತವರೇ ಕಲಿಸಲು ನಿಂತರು. ಇದೇ ಜನ ಮುಂದೆ ಗಂಡುಮಕ್ಕಳ ಉನ್ನತ ಶಿಕ್ಷಣಕ್ಕಾಗಿ ಜೆಸ್ವಿಟರನ್ನು ಕಳುಹಿಸಿ ಎಂದು ರೋಮಿಗೆ ಮನವಿ ಬರೆದರು. 1878ರ ಡಿಸೆಂಬರ್ 31ರಂದು ಜೆಸ್ವಿಟರು ಬಂದರು. 1880ರಲ್ಲಿ ಸೇಂಟ್ ಅಲೋಶಿಯಸ್ ತೆರೆಯಿತು. ಅದರ ಗುಡ್ಡದ ಜಮೀನು ಕೊಟ್ಟವರು ಕೊಡಿಯಾಲಬೈಲಿನ ಲಾರೆನ್ಸ್ ಲೋಬೊ ಪ್ರಭು. ಮನವಿ ಬರೆದವರು, ಜಮೀನು ಬಿಟ್ಟುಕೊಟ್ಟವರು, ಹೆಸರು ಹಚ್ಚಿದವರು ಒಂದೇ ಸಮಾಜದವರು. ಬೇಡಿಕೆ ಮೊದಲಿತ್ತು, ಪಾದ್ರಿಗಳು ಆಮೇಲೆ ಬಂದರು.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು, ಎರಡೂ ಹಗುರವಲ್ಲ. ಮೊದಲನೆಯದು: ಬೇಡಿಕೆ ಇತ್ತು ಎನ್ನುವುದು ಸುಲಭ, ಆದರೆ ಬೇಡಿಕೆ ಇದ್ದಮಾತ್ರಕ್ಕೆ ಶಾಲೆ ಹುಟ್ಟುವುದಿಲ್ಲ, ಮೂವರ ಪ್ರಾಣ ಹೋದ ಆ ಪ್ರಯಾಣವಿಲ್ಲದಿದ್ದರೆ ಮಂಗಳೂರಿನ ತಂದೆತಾಯಿಯರು ಇನ್ನೂ ಹತ್ತಿಪ್ಪತ್ತು ವರ್ಷ ಕಾಯುತ್ತಿದ್ದರು. ಒಪ್ಪುತ್ತೇನೆ. ಯಾವಾಗ ಎಂಬುದನ್ನು ಸ್ಥಾಪಕರು ನಿರ್ಧರಿಸಿದರು. ಉಳಿಯುತ್ತದೋ ಇಲ್ಲವೋ ಎಂಬುದನ್ನು ಊರು ನಿರ್ಧರಿಸಿತು. ಬಯೋನ್‌ನಲ್ಲಿ ಸ್ಥಾಪಕಿಯೇ ಕೈಯಾರೆ ನಡೆಸಿದ ಮನೆ ಐದು ವರ್ಷಕ್ಕೆ ಮುಚ್ಚಿದ್ದನ್ನೂ ಸ್ಥಾಪಕಿ ಜೊತೆಗಿಲ್ಲದ ಮಂಗಳೂರಿನ ಮನೆ ಉಳಿದದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಈ ವ್ಯತ್ಯಾಸ ಕಾಣುತ್ತದೆ. ಎರಡನೆಯ ಆಕ್ಷೇಪ ಇನ್ನೂ ಚೂಪು: ನೀವು ‘ಊರು’ ಎನ್ನುತ್ತಿರುವುದು ಊರಿನ ಮೇಲ್ಪದರವನ್ನು. ಮಂಗಳೂರಿನ ಕ್ಯಾಥೊಲಿಕರಲ್ಲೂ ಜಾತಿಯ ಶ್ರೇಣಿ ಇತ್ತು. ಹೆಂಚಿನ ಕಾರ್ಖಾನೆ ಇದ್ದವರ ಮಗಳಿಗೂ ಆ ಹೆಂಚು ಹೊತ್ತವಳ ಮಗಳಿಗೂ ಒಂದೇ ಶಾಲೆಯ ಬಾಗಿಲು ಒಂದೇ ಅಗಲಕ್ಕೆ ತೆರೆದಿರಲಿಲ್ಲ. ಇದೂ ನಿಜ. ಆದರೆ ಇದು ನನ್ನ ವಾದವನ್ನು ಒಡೆಯುವುದಿಲ್ಲ, ಗಟ್ಟಿಮಾಡುತ್ತದೆ. ಶಾಲೆ ಯಾರ ಬೇಡಿಕೆಯ ಮೇಲೆ ನಿಂತಿತೋ ಅವರ ಆಸೆಯಂತೆ ಅವರ ಮಿತಿಗಳೂ ಅದರ ಗೋಡೆಗೆ ಸೇರಿಕೊಂಡವು. ಸ್ಥಾಪಕರಷ್ಟೇ ಶಾಲೆ ಕಟ್ಟಿದ್ದರೆ ಫ್ರಾನ್ಸಿನಿಂದ ಬಂದವರ ಶಾಲೆಯಲ್ಲಿ ಕರಾವಳಿಯ ಜಾತಿ ಹೇಗೆ ಹೊಕ್ಕಿತು ಎಂಬುದಕ್ಕೆ ಉತ್ತರವೇ ಸಿಗುತ್ತಿರಲಿಲ್ಲ.

ಕೃಷ್ಣೆಯ ದಡಕ್ಕೆ ಬಂದರೆ ಚಿತ್ರವೇ ಬೇರೆ. ಮಂಗಳೂರಿನಲ್ಲಿ ಶಾಲೆ ಬರುವ ಮುಂಚೆ ಕ್ಯಾಥೊಲಿಕ್ ಸಮಾಜವಿತ್ತು. ಬೆಳಗಾವಿ ಜಿಲ್ಲೆಯ ಉತ್ತರದ ತಾಲೂಕುಗಳಲ್ಲಿ ಶಾಲೆಗೆ ಆಧಾರವಾಗಬಲ್ಲ ದೊಡ್ಡ ಕ್ಯಾಥೊಲಿಕ್ ಸಮಾಜವಿಲ್ಲ. ಇಡೀ ಜಿಲ್ಲೆಯಲ್ಲೇ ಕ್ರೈಸ್ತರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಬೆಳಗಾವಿಯ ಕ್ಯಾಂಪಿನಲ್ಲಿ ಸೇಂಟ್ ಪಾಲ್ಸ್ ಶಾಲೆ 1856ರಿಂದ ಇದೆ, ಆದರೆ ಅದು ದಂಡಿನ ಊರಿನ ಶಾಲೆ. ಅಥಣಿಯ ಎರಿಭೂಮಿಗೂ ಅದಕ್ಕೂ ನಡುವೆ ಬಹಳ ದೂರ. ಬೆಳಗಾವಿ ಸ್ವಂತ ಕ್ಯಾಥೊಲಿಕ್ ಧರ್ಮಪ್ರಾಂತವಾದದ್ದೇ 1953ರ ಸೆಪ್ಟೆಂಬರ್‌ನಲ್ಲಿ. ಹಾಗಾದರೆ ಇಂಥ ನೆಲದಲ್ಲಿ ಹೊಸ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯ ಮೊದಲ ವರ್ಷಕ್ಕೆ ಮಕ್ಕಳನ್ನು ಕಳುಹಿಸುವವರು ಯಾರು? ಲಿಂಗಾಯತರು, ಜೈನರು, ಮರಾಠರು, ಮುಸ್ಲಿಮರು, ದಲಿತರು. ಈ ಮನೆಗಳಿಗೆ ಅಕ್ಷರದ ಹಸಿವು ಹತ್ತಿಸಿದ್ದು ಯಾವ ಕ್ಯಾಥೊಲಿಕ್ ಪಾದ್ರಿಯೂ ಅಲ್ಲ. ಶಾಲೆಯ ಮೊದಲ ವರ್ಷಕ್ಕೆ ನೂರು ವರ್ಷ ಮೊದಲೇ ಆ ಕೆಲಸ ಬೇರೆ ಕೈಗಳಿಂದ ಶುರುವಾಗಿತ್ತು.

ಮಂಗಳೂರಿಗೆ ಸಿಸ್ಟರ್‌ಗಳು ಬರುವ ಕೆಲವೇ ವರ್ಷ ಮುಂಚೆ, 1860ರ ದಶಕದಲ್ಲಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪ ಊರೂರು ತಿರುಗಿ ಮರಾಠಿಯಲ್ಲಿ ನಡೆಯುತ್ತಿದ್ದ ಸರ್ಕಾರಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸುತ್ತಿದ್ದರು. ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಆಗಿದ್ದ ನೆಲದಲ್ಲಿ ಸಾಲಿ ಎಂಬುದು ತನ್ನದೂ ಆಗಬಹುದು ಎಂದು ಒಕ್ಕಲಿನವನಿಗೆ ಮೊದಲು ಅನ್ನಿಸಿದ್ದು ಆಗ. ಆಡಳಿತವೂ ಇಲ್ಲಿ ಒಂದೇ ಇರಲಿಲ್ಲ: ಚಿಕ್ಕೋಡಿ, ಅಥಣಿ ಬ್ರಿಟಿಷರವು, ರಾಯಬಾಗ ಕೊಲ್ಹಾಪುರದ್ದು, ಸುತ್ತಲೂ ಪಟವರ್ಧನರ ಸಂಸ್ಥಾನಗಳ ಚೂರುಪಾರು. ಕೊಲ್ಹಾಪುರದ ಶಾಹು ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದರು. ಅದಕ್ಕೆ ಒಂದು ವರ್ಷ ಮುಂಚೆ, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಹುಟ್ಟುಹಾಕಿದರು, ಜನ ಅವರನ್ನು ಸಪ್ತರ್ಷಿಗಳು ಎಂದರು, ಅವರಲ್ಲೊಬ್ಬರ ಅಡ್ಡಹೆಸರು ಚಿಕ್ಕೋಡಿ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ನಡೆದ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದವರು ಡಾ. ಅಂಬೇಡ್ಕರ್. ಶಾಲೆಯ ಹೊರಗೆ ನಿಲ್ಲಿಸಲ್ಪಟ್ಟವರ ಮಕ್ಕಳು ಒಳಗೆ ಬರುವುದು ದಯೆಯಲ್ಲ, ಹಕ್ಕು ಎಂಬ ಮಾತು ಈ ಸೀಮೆಗೆ ಕಾನ್ವೆಂಟ್ ಫಲಕಗಳಿಗಿಂತ ಎಷ್ಟೋ ಮೊದಲು ಬಂದಿತ್ತು. ಅಥಣಿಯ ಗಚ್ಚಿನಮಠದಂಥ ಮಠಗಳಿಂದಾಗಿ, ಮನೆಮಾರು ಬಿಟ್ಟವರು ಊರಿನ ಮಕ್ಕಳಿಗೆ ತಂದೆತಾಯಿಯಂತೆ ಇರಬಹುದು ಎಂಬ ನಂಬಿಕೆಯೂ ಇಲ್ಲಿನವರಲ್ಲಿ ಆಗಲೇ ಇತ್ತು. ಮದುವೆಯಾಗದೆ, ಬಿಳಿ ಬಟ್ಟೆ ಉಟ್ಟು, ಒಂದೇ ಮನೆಯಲ್ಲಿ ಕೂಡಿ ಇರುವ ಸಿಸ್ಟರ್‌ಗಳು ಅಥಣಿಯವರಿಗೆ ವಿಚಿತ್ರವಾಗಿ ಕಂಡಿರಲಾರರು; ಮಠ ಎಂದರೇನು ಎಂದು ಅವರಿಗೆ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ.

ಹಣದ ಮಾತನ್ನೂ ಮುಚ್ಚಿಡಬೇಕಾಗಿಲ್ಲ. ಮಂಗಳೂರಿನಲ್ಲಿ ಕಾಫಿ ಮತ್ತು ಹೆಂಚು ಮಾಡಿದ ಕೆಲಸವನ್ನು ಇಲ್ಲಿ ಕಬ್ಬು ಮತ್ತು ತಂಬಾಕು ಮಾಡಿದವು. ಕೃಷ್ಣೆ, ದೂಧಗಂಗೆಗಳ ನೀರು ಕಬ್ಬಿಗೆ ಹರಿದು, ಉಗಾರದ ಕಾರ್ಖಾನೆಯ ಹಿಂದೆ ಸಹಕಾರಿ ಸಕ್ಕರೆ ಕಾರ್ಖಾನೆಗಳು ಎದ್ದ ಮೇಲೆ ಮಗುವಿನ ಫೀ ಕಟ್ಟಬಲ್ಲ ರೈತ ಮನೆಗಳು ಹೆಚ್ಚಿದವು. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದಿನವಿಡೀ ಧೂಳು ಕುಡಿಯುವ ಹೆಂಗಸರು ಮಗಳ ಕೈಗೆ ಆ ವಾಸನೆ ಹತ್ತಬಾರದು ಎಂದುಕೊಳ್ಳುವುದಕ್ಕೆ ಯಾವ ಮಿಶನರಿಯ ಉಪದೇಶವೂ ಬೇಡ. ಇಂಥ ತಾಯಿಗೆ ಕ್ಯಾಥೊಲಿಕ್ ಎಂಬ ಪದ ಏನನ್ನೂ ಹೇಳದಿರಬಹುದು. ಅವಳು ನೋಡುವುದು ಗೇಟು ಸಮಯಕ್ಕೆ ಮುಚ್ಚುತ್ತದೆಯೇ, ಟೀಚರ್ ದಿನಾ ಬರುತ್ತಾರೆಯೇ, ಮಗು ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡುತ್ತದೆಯೇ ಎಂಬುದನ್ನು. ಕನ್ನಡ ಸಾಲಿಯಲ್ಲಿ ಕಲಿಸುವ ಹೆಂಗಸು ‘ಅಕ್ಕೋರು’ ಆಗಿದ್ದಳು. ಇಲ್ಲಿ ಅವಳು ‘ಮಿಸ್’ ಅಥವಾ ‘ಸಿಸ್ಟರ್’. ಸಿಸ್ಟರ್ ಎಂದರೂ ಅಕ್ಕನೇ, ಆದರೆ ಆ ಅನುವಾದವನ್ನು ಯಾರೂ ಮಾಡಿಕೊಳ್ಳುವುದಿಲ್ಲ.

ಭಾಷೆಯ ವಿಷಯಕ್ಕೆ ಬಂದಾಗ ಈ ಸೀಮೆಯ ಮೊದಲ ವರ್ಷ ಮಂಗಳೂರಿನದಕ್ಕಿಂತ ಕಠಿಣ. ಮಂಗಳೂರಿನಲ್ಲೂ ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಸಿಸ್ಟರ್‌ಗಳ ಬಾಯಲ್ಲಿ ಫ್ರೆಂಚ್ ಇತ್ತು. ಆದರೆ ಆ ಗೊಂದಲ ರಾಜ್ಯದ ಗಡಿಯ ಜಗಳವಾಗಿರಲಿಲ್ಲ. ಇಲ್ಲಿ ಅದು ಗಡಿಯ ಜಗಳವೇ: ಗಡಿ ವಿವಾದದ ಕುರಿತ 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು, ಬೆಳಗಾವಿ ಕರ್ನಾಟಕದಲ್ಲೇ ಉಳಿಯಬೇಕೆಂದಿತು. ವರದಿ ಜಾರಿಯಾಗಲಿಲ್ಲ, ನಿಪ್ಪಾಣಿಯಲ್ಲಿ ಕನ್ನಡ ಮತ್ತು ಮರಾಠಿ ಸಾಲಿಗಳು ಎರಡೂ ಉಳಿದವು. ಇಂಥ ಕಡೆ ಮಾಧ್ಯಮದ ಆಯ್ಕೆಯೆಂದರೆ ಪಕ್ಷ ಹಿಡಿದಂತೆ. 1994ರಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು ಆದೇಶಿಸಿದ ಮೇಲೆ ಹೊಸ ಪ್ರಾಥಮಿಕ ಶಾಲೆ ತೆರೆಯುವವರಿಗೆ ಎರಡು ದಾರಿ ಉಳಿದವು: ಕನ್ನಡದ ಅಥವಾ ಮಾತೃಭಾಷೆಯ ಶಾಲೆ ತೆರೆಯುವುದು, ಇಲ್ಲವೇ ಕನ್ನಡಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಕಲಿಸುವುದು. ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳು ಎರಡನೆಯ ದಾರಿ ಹಿಡಿದು ಮುಂದೆ ಮಾನ್ಯತೆ ಕಳೆದುಕೊಳ್ಳುವ ಅಂಚಿಗೆ ಬಂದವು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ಆ ಆದೇಶವನ್ನು ತಳ್ಳಿಹಾಕಿ, ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ತಂದೆತಾಯಿಯದು ಎಂದಿತು. ಇದರಿಂದ ಕನ್ನಡಕ್ಕಾದ ನಷ್ಟ ದೊಡ್ಡದು. ಡೆಪ್ಯುಟಿ ಚನ್ನಬಸಪ್ಪ ಗಳಿಸಿದ್ದರಲ್ಲಿ ಬಹುಪಾಲು ಕಾನ್ವೆಂಟ್‌ಗಳ ಗೇಟಿನೊಳಗೆ ಸೋರಿಹೋಗುತ್ತಿದೆ ಎಂಬ ದುಃಖದಲ್ಲಿ ನನಗೂ ಪಾಲಿದೆ. ಆದರೆ ನನ್ನ ವಾದದ ಮಟ್ಟಿಗೆ ನ್ಯಾಯಾಲಯ ಹೇಳಿದ್ದು ಹೊಸತೇನಲ್ಲ. ಹೆಸರು ಹಚ್ಚುವವರು ಯಾವಾಗಲೂ ಮಾಡುತ್ತ ಬಂದದ್ದಕ್ಕೆ ಅದು ಕಾನೂನಿನ ಮುದ್ರೆ ಒತ್ತಿತು.

ಅದೇ ದಿನ ಅದೇ ಪೀಠ ಇನ್ನೊಂದು ತೀರ್ಪನ್ನೂ ಕೊಟ್ಟಿತು. ಪ್ರಮತಿ ಪ್ರಕರಣದ ಆ ತೀರ್ಪಿನ ಪ್ರಕಾರ 2009ರ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ, ಬಡಮಕ್ಕಳಿಗೆ ಶೇ. 25 ಸೀಟು ಮೀಸಲಿಡಬೇಕೆಂಬ ಕಟ್ಟುಪಾಡೂ ಇಲ್ಲ. ಇಲ್ಲಿ ಮೂರನೆಯ ಆಕ್ಷೇಪ ಬರುತ್ತದೆ, ಬಹುಶಃ ಎಲ್ಲಕ್ಕಿಂತ ಭಾರವಾದದ್ದು: ಮಕ್ಕಳು ಕ್ಯಾಥೊಲಿಕರಲ್ಲ, ಬೇಡಿಕೆ ಹುಟ್ಟಿಸಿದವರು ಕ್ಯಾಥೊಲಿಕರಲ್ಲ, ಫೀ ಕೊಡುವ ಹಣ ಕಬ್ಬಿನದು; ಹಾಗಿದ್ದರೆ ಇದು ಕ್ಯಾಥೊಲಿಕ್ ಶಾಲೆ ಹೇಗಾಯಿತು, ಆ ರಿಯಾಯಿತಿಗೆ ಅರ್ಹವಾದದ್ದು ಹೇಗೆ? ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. 1958ರಲ್ಲಿ ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿ ಸುಪ್ರೀಂ ಕೋರ್ಟು, ಹೊರಗಿನವರನ್ನು ಅಲ್ಲಷ್ಟು ಇಲ್ಲಷ್ಟು ಸೇರಿಸಿಕೊಂಡಮಾತ್ರಕ್ಕೆ ಶಾಲೆ ತನ್ನ ಅಲ್ಪಸಂಖ್ಯಾತ ಸ್ವರೂಪ ಕಳೆದುಕೊಳ್ಳುವುದಿಲ್ಲ ಎಂದಿತು. ಕೇರಳಕ್ಕೆ ಸರಿಹೊಂದುವ ಮಾತು. ಕಾಗವಾಡದಂಥ ತಾಲೂಕಿಗೆ ತಂದರೆ ಅದು ತಲೆಕೆಳಗಾಗುತ್ತದೆ. ಇಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಕಾಣಿಸುವವರು ಕ್ಯಾಥೊಲಿಕ್ ಮಕ್ಕಳೇ. ಹಾಗಿದ್ದೂ ಶಾಲೆ ಕ್ಯಾಥೊಲಿಕ್ ಅಲ್ಲ ಎನ್ನಲು ನಾನು ಸಿದ್ಧನಿಲ್ಲ. ನಡೆಸುವವರ ವ್ರತ, ದಿನಚರಿ, ಬೆಳಗಿನ ಪ್ರಾರ್ಥನೆ, ವರ್ಗಾವಣೆಯ ಪತ್ರ ಬಂದರೆ ಮರುದಿನ ಟ್ರಂಕು ಹಿಡಿದು ಹೊರಡುವ ಶಿಸ್ತು, ಇವು ಶಾಲೆಯ ಒಳಗಿನ ನಡಿಗೆಯನ್ನು ತಿದ್ದುತ್ತವೆ. ಆ ನಡಿಗೆಯನ್ನು ನೋಡಿಯೇ ಊರಿನವರು ಹೆಸರು ಹಚ್ಚುವುದು. ಆದರೆ ಹಕ್ಕು ನಡೆಸುವವರದ್ದೇ ಆಗಿ, ನಂಬಿಕೆ ಮಾತ್ರ ಊರಿನದ್ದಾದರೆ ಲೆಕ್ಕ ಸರಿಹೋಗುವುದಿಲ್ಲ. ಬಡ ಮಗುವಿಗೆ ಸೀಟು ಕೊಡಬೇಕೆಂದು ಕಾನೂನು ಕೇಳದಿದ್ದರೂ 1917ರ ಕೊಲ್ಹಾಪುರ ಕೇಳುತ್ತದೆ, 1925ರ ನಿಪ್ಪಾಣಿ ಕೇಳುತ್ತದೆ. ಆ ಶಾಲೆಯ ಮೊದಲ ವರ್ಷಕ್ಕೆ ನೆಲ ಹದಮಾಡಿ ಕೊಟ್ಟವರು ಅವರೇ.

ಸೋಫಿ ಲೀವ್ಸ್ 1906ರ ನವೆಂಬರ್ 16ರಂದು ಪೋ ನಗರದಲ್ಲಿ ತೀರಿಕೊಂಡರು. ಹದಿನೈದು ವರ್ಷದ ನಂತರ, 1921ರಲ್ಲಿ, ಅವರ ಸಭೆಯ ಸಿಸ್ಟರ್‌ಗಳು ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು. ಸೇಂಟ್ ಆನ್ಸ್‌ನ ಚರಿತ್ರೆಯಲ್ಲಿ ಅವರ ಭಾವಚಿತ್ರ ಇದೆ, ಬಿಷಪ್ ಮರಿ ಎಫ್ರೇಮರದೂ ಇದೆ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಯಾವುದೇ ಶಾಲೆಯ ದಾಖಲಾತಿ ಪುಸ್ತಕದ ಮೊದಲ ಪುಟ ತೆರೆದರೆ ಸಿಗುವುದು ಬೇರೆ ಬಗೆಯ ಚಿತ್ರ: ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಊರು, ಧರ್ಮ, ಜಾತಿ, ಮಾತೃಭಾಷೆ. ಮಾತೃಭಾಷೆಯ ಸಾಲಿನಲ್ಲಿ ಕನ್ನಡ, ಮರಾಠಿ, ಉರ್ದು ಒಂದರ ಕೆಳಗೊಂದು ಬರುತ್ತವೆ. ಕೊನೆಯಲ್ಲಿ ಪಾಲಕರ ಸಹಿ, ಕೆಲವು ಕಡೆ ಹೆಬ್ಬೆಟ್ಟು.